ಬಿಡುಗಡೆ ಎಂಬ ಮಾತು

ಕಳೆದ ದೀಪಾವಳಿಗೆ ಮಕ್ಕಳು, ಮೊಮ್ಮಕ್ಕಳು, ತಂಗಿಯ ಮನೆಯವರು ಎಲ್ಲರೂ ಬಡವನಹಳ್ಳಿಯ ನಮ್ಮ ಹಳೆಯ ಮನೆಯಲ್ಲಿ ಸೇರಿದ್ದರು. ಎಣ್ಣೆಸ್ನಾನ, ಕಜ್ಜಾಯದ ಊಟ ಎಲ್ಲ ಮುಗಿದು ಜಗುಲಿಯ ಮೇಲೆ ಕುಳಿತಾಗ, ಎಲ್ಲಿಂದಲೋ ಹೊರಟ ಮಾತು ಮತಾಂತರದ ವಿಷಯಕ್ಕೆ ಬಂದು ನಿಂತಿತು. "ಪಾದ್ರಿಗಳು ಬಂದದ್ದೇ ನಮ್ಮ ಜನರನ್ನು ಕೆಡಿಸುವುದಕ್ಕೆ" ಎಂದು ಅಳಿಯಂದಿರು ಹೇಳಿದರು. "ಅವರು ಬರದೇ ಇದ್ದಿದ್ದರೆ ತಾತನ ಬೀರುವಿನಲ್ಲಿರುವ ಕಿಟ್ಟೆಲ್ ನಿಘಂಟು ಎಲ್ಲಿಂದ ಬರುತ್ತಿತ್ತು?" ಎಂದು ಮೊಮ್ಮಗಳು ತಿರುಗಿ ಕೇಳಿದಳು. ಮಾತು ಬಿಸಿಯಾಯಿತು. ಕೊನೆಗೆ ಎಲ್ಲರೂ ನನ್ನ ಕಡೆ ತಿರುಗಿ, "ನೀವು ಮೇಷ್ಟ್ರಾಗಿದ್ದವರು, ನೀವೇ ತೀರ್ಪು ಹೇಳಿ" ಎಂದರು.

ನಾನು ಆ ದಿನ ಏನೂ ಹೇಳಲಿಲ್ಲ. ಕಾಫಿ ಬಂತು, ಮಾತು ಬೇರೆ ಕಡೆ ಹೋಯಿತು. ಮೂವತ್ತಾರು ವರ್ಷ ಮಕ್ಕಳಿಗೆ ಚರಿತ್ರೆ ಹೇಳಿಕೊಟ್ಟವನು ಹೀಗೆ ಬಾಯಿ ಮುಚ್ಚಿ ಕುಳಿತದ್ದು ಅವರಿಗೆ ಆಶ್ಚರ್ಯವಾಗಿದ್ದಿರಬೇಕು. ಸುಮ್ಮನಿದ್ದುದಕ್ಕೆ ಕಾರಣವಿತ್ತು. ಈ ವಿಷಯದಲ್ಲಿ ನನಗೆ ಓದಿ ತಿಳಿದ ಚರಿತ್ರೆ ಒಂದಿದೆ. ನಾನೇ ಪಾತ್ರಧಾರಿಯಾಗಿದ್ದ, ಯಾರಿಗೂ ಹೇಳದ ಒಂದು ಸಣ್ಣ ಪ್ರಸಂಗವೂ ಇದೆ. ಎರಡನೆಯದನ್ನು ಬಿಟ್ಟು ಮೊದಲನೆಯದನ್ನಷ್ಟೇ ಹೇಳುವುದು ಪ್ರಾಮಾಣಿಕವಲ್ಲವೆಂದು ತೋರಿ ಈಗ ಎರಡನ್ನೂ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತಿನ ವಿಚಾರ. ಮೋಕ್ಷ, ಮುಕ್ತಿ, ಕೈವಲ್ಯ ಮುಂತಾದ ಶಬ್ದಗಳು ನಮಗೆ ಸಂಸ್ಕೃತದಿಂದ ಬಂದವು. ಹುಟ್ಟುಸಾವುಗಳ ಚಕ್ರದಿಂದ ಪಾರಾಗುವುದು ಅವುಗಳ ಸ್ಥೂಲವಾದ ಅರ್ಥ. 'ಬಿಡುಗಡೆ'ಯಾದರೋ ನಮ್ಮ ಹೊಲಮನೆಯ ಮಾತು. ಕಟ್ಟಿದ ಎತ್ತನ್ನು ಗೂಟದಿಂದ ಬಿಚ್ಚುವುದು, ಸೆರೆಯಲ್ಲಿದ್ದವನು ಹೊರಗೆ ಬರುವುದು, ಜೀತಕ್ಕಿದ್ದವನ ಸಾಲ ತೀರುವುದು, ಇವೆಲ್ಲವೂ ಬಿಡುಗಡೆಯೇ. ಇಂದು ಬಳಕೆಯಲ್ಲಿರುವ ಕನ್ನಡ ಬೈಬಲ್ಲಿನಲ್ಲಿ ರಕ್ಷಣೆ, ವಿಮೋಚನೆ, ಬಿಡುಗಡೆ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಅವರ ಧರ್ಮಗ್ರಂಥದ ದೊಡ್ಡ ಕಥೆಗಳಲ್ಲಿ ಒಂದು, ಈಜಿಪ್ಟಿನಲ್ಲಿ ಗುಲಾಮರಾಗಿದ್ದ ಜನ ಅಲ್ಲಿಂದ ಹೊರಟುಬಂದ ಕಥೆ. ವಿಮೋಚನೆಯೆಂಬುದಕ್ಕೆ ಅಲ್ಲಿ ಬೆಲೆ ಕೊಟ್ಟು ಆಳನ್ನು ಬಿಡಿಸಿಕೊಳ್ಳುವುದೆಂಬ ಅರ್ಥವೂ ಉಂಟು. ಈ ಮಾತನ್ನು ಮಠದಲ್ಲಿ ಕುಳಿತ ಪಂಡಿತನು ಕೇಳುವುದು ಒಂದು ಬಗೆ, ಗೌಡರ ಮನೆಯಲ್ಲಿ ಅಪ್ಪನ ಸಾಲಕ್ಕೆ ಮಗ ದುಡಿಯುತ್ತಿದ್ದಾಗ ಕೇಳುವುದು ಇನ್ನೊಂದು ಬಗೆ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳದಿದ್ದರೆ ಮುಂದಿನ ಚರಿತ್ರೆ ಅರ್ಥವಾಗುವುದಿಲ್ಲ.

ಮೈಸೂರು ಸೀಮೆಗೆ ಕ್ರೈಸ್ತ ಬೋಧಕರು ಬಂದದ್ದು ಬ್ರಿಟಿಷರ ಜೊತೆಗೆ ಎಂದು ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. 17ನೆಯ ಶತಮಾನದ ಮಧ್ಯಭಾಗದಲ್ಲಿ, ಕಂಠೀರವ ನರಸರಾಜ ಒಡೆಯರು ಆಳುತ್ತಿದ್ದ ಕಾಲದಲ್ಲಿ, ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯ ಜೆಸ್ಯೂಟ್ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದರು. ಕನ್ನಡ ಕಲಿತು ಕನ್ನಡದಲ್ಲಿಯೇ ಧರ್ಮಬೋಧೆಯ ಪುಸ್ತಕಗಳನ್ನು ಬರೆದರು. ಆಗ ಈ ನಾಡಿನಲ್ಲಿ ಇಂಗ್ಲಿಷರ ಅಧಿಕಾರದ ನೆರಳೂ ಇರಲಿಲ್ಲ.

ಟಿಪ್ಪು ಸುಲ್ತಾನನು 1799ರಲ್ಲಿ ಮಡಿದ ಮೇಲೆ ಇಲ್ಲಿ ಕೆಲಸ ಮಾಡಿದವರು ಫ್ರಾನ್ಸಿನ ಅಬ್ಬೆ ದುಬಾಯ್. ಅವರು ನಮ್ಮವರಂತೆ ಉಡುಪು ಧರಿಸಿ, ನಮ್ಮವರಂತೆ ಊಟ ಮಾಡಿ, ಹಳ್ಳಿಗಳಲ್ಲಿ ಬದುಕಿದರು. ಸಿಡುಬಿಗೆ ದೇವಿ ಹಾಕಿಸುವ ಕೆಲಸವನ್ನು ಈ ಸೀಮೆಯಲ್ಲಿ ಹರಡಿದವರಲ್ಲಿ ಅವರೂ ಒಬ್ಬರು. ಮೂವತ್ತು ವರ್ಷಗಳಷ್ಟು ಕಾಲ ಈ ದೇಶದಲ್ಲಿದ್ದು 1823ರಲ್ಲಿ ಹಿಂದಿರುಗಿದರು. ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ ಅವರ ಪತ್ರಗಳ ಪುಸ್ತಕವನ್ನು ಓದಿದರೆ ಬೆರಗಾಗುತ್ತದೆ. ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಕೆಲಸವೆಂದು ಆ ಪಾದ್ರಿ ತಾವೇ ಬರೆದುಬಿಟ್ಟಿದ್ದರು! ಅವರ ಜೊತೆಯ ಧರ್ಮಬೋಧಕರೇ ಅದನ್ನು ಖಂಡಿಸಿ ಉತ್ತರ ಬರೆಯಬೇಕಾಯಿತು. ಅವರ ಮಾತು ಪೂರ್ತಿ ನಿಜವಾಗಲಿಲ್ಲ. ಪೂರ್ತಿ ಸುಳ್ಳೂ ಆಗಲಿಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆಯಲ್ಲಿ ಕ್ರೈಸ್ತರು ಶೇಕಡಾ 1.87ರಷ್ಟು ಮಾತ್ರ. ಚಿನ್ನಾಮಿ ಬಂದು ಮುನ್ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲಿನ ಲೆಕ್ಕವಿದು.

ನಮ್ಮ ಜಿಲ್ಲೆಯ ಮಟ್ಟಿಗೆ ಹೇಳುವುದಾದರೆ ಕಥೆ ಗುಬ್ಬಿಯಿಂದ ಆರಂಭವಾಗುತ್ತದೆ. ತುಮಕೂರಿನಿಂದ ಸುಮಾರು 20 ಕಿಲೋಮೀಟರು ಪಶ್ಚಿಮಕ್ಕಿರುವ ಗುಬ್ಬಿ ಆಗಲೇ ಅಡಿಕೆ, ಕೊಬ್ಬರಿ, ಬಟ್ಟೆಗಳ ವ್ಯಾಪಾರಕ್ಕೆ ಹೆಸರಾಗಿದ್ದ ಪೇಟೆ. ಅಲ್ಲಿ 1837ರಲ್ಲಿ ಥಾಮಸ್ ಹಾಡ್ಸನ್ ಎಂಬ ವೆಸ್ಲಿಯನ್ ಪಾದ್ರಿ ನೆಲೆಯೂರಿದರು. ಎರಡು ವರ್ಷಗಳ ಮೇಲೆ, 1839ರಲ್ಲಿ, ವಿಲಿಯಂ ಆರ್ಥರ್ ಎಂಬ ಇಪ್ಪತ್ತು ವರ್ಷದ ಐರಿಷ್ ತರುಣನು ಬಂದು ಸೇರಿದನು. ಕಣ್ಣಿನ ತೊಂದರೆ ಹೆಚ್ಚಾಗಿ 1841ರಲ್ಲಿ ಅವನು ಊರಿಗೆ ಮರಳಬೇಕಾಯಿತು. ಇಲ್ಲಿನ ಅನುಭವಗಳನ್ನು ಕುರಿತು ಅವನು ಬರೆದ ಇಂಗ್ಲಿಷ್ ಪುಸ್ತಕ 1847ರಲ್ಲಿ ಅಚ್ಚಾಯಿತು. ಹಾಡ್ಸನ್ನರು 1859ರಲ್ಲಿ ಕನ್ನಡಕ್ಕೊಂದು ಪ್ರಾಥಮಿಕ ವ್ಯಾಕರಣವನ್ನು ಬರೆದು ಪ್ರಕಟಿಸಿದರು. ಸಂತೆಗಳಲ್ಲಿ, ಜಾತ್ರೆಗಳಲ್ಲಿ, ಮರದ ನೆರಳುಗಳಲ್ಲಿ ನಿಂತು ಬೋಧಿಸುವುದು, ಹಳ್ಳಿಗಳಲ್ಲಿ ಶಾಲೆ ತೆರೆಯುವುದು, ಪುಸ್ತಕ ಹಂಚುವುದು, ಇದು ಆ ಕಾಲದ ಪಾದ್ರಿಗಳ ಕ್ರಮವಾಗಿತ್ತು.

ನಮ್ಮ ಜನ ಅವರ ಮಾತನ್ನು ಕೇಳಿದರೆ? ಕೇಳಿದರು. ಪ್ರಶ್ನೆ ಹಾಕಿದರು, ವಾದ ಮಾಡಿದರು, ಅಕ್ಷರ ಕಲಿಯಲು ಮಕ್ಕಳನ್ನು ಕಳುಹಿಸಿದರು. ಮನೆಗೆ ಹೋಗಿ ತಮ್ಮ ದೇವರಿಗೆ ದೀಪ ಹಚ್ಚಿದರು. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಆ ಕಾಲದ ಬೋಧಕರಲ್ಲಿ ಅನೇಕರು ನಮ್ಮ ದೇವರುಗಳನ್ನೂ ಆಚಾರಗಳನ್ನೂ ಕುರಿತು ಕಟುವಾಗಿ ಬರೆದಿದ್ದಾರೆ. ಬೆಳಕನ್ನು ತಾವು ಮಾತ್ರ ಹೊತ್ತು ತಂದಿದ್ದೇವೆ ಎಂಬ ಗರ್ವ ಅವರ ಬರಹದ ಅನೇಕ ಪುಟಗಳಲ್ಲಿ ಕಾಣುತ್ತದೆ. ಇನ್ನೊಬ್ಬರಿಗೆ ಬಿಡುಗಡೆ ಕೊಡಲು ಹೊರಟವರಿಗೆ ಈ ಗರ್ವ ಸುಲಭವಾಗಿ ಅಂಟುತ್ತದೆ. ಮೇಷ್ಟ್ರುಗಳಾದ ನಮಗೂ ಅಂಟುತ್ತದೆ.

ಅದಾದ ಮೇಲೆ ಧಾತು ಈಶ್ವರದ ಬರ ಬಂತು. 1876ರಿಂದ 1878ರವರೆಗಿನ ಆ ಕ್ಷಾಮದ ನೆನಪು ನಮ್ಮ ಹಿರಿಯರ ಬಾಯಲ್ಲಿ ಬಹುಕಾಲ ಉಳಿದಿತ್ತು. ಮಳೆ ಇಲ್ಲದ ವರ್ಷ ಬಂದರೆ ನನ್ನ ಅಜ್ಜಿ, "ಧಾತು ಈಶ್ವರದ ಮುಂದೆ ಇದು ಯಾವ ಲೆಕ್ಕ" ಎನ್ನುತ್ತಿದ್ದಳು. ಅವಳು ಆ ಬರವನ್ನು ಕಂಡವಳಲ್ಲ, ಅವಳ ತಾಯಿ ಕಂಡವಳು. 1871ರ ಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕಿಳಿಯಿತು. ಸತ್ತವರು ಹತ್ತು ಲಕ್ಷದಷ್ಟು ಎಂದು ಅಂದಾಜು. ಮಧುಗಿರಿ, ಪಾವಗಡ, ಸಿರಾಗಳಂಥ ಬಯಲುಸೀಮೆಯ ಮಳೆಯಾಶ್ರಿತ ತಾಲ್ಲೂಕುಗಳಲ್ಲಿ ಎರಡು ಮಳೆ ತಪ್ಪಿದರೆ ಏನಾಗುತ್ತದೆಂಬುದನ್ನು ಇಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ಬರದಲ್ಲಿ ತಂದೆತಾಯಿಯರನ್ನು ಕಳೆದುಕೊಂಡು ದಾರಿಯ ಪಕ್ಕದಲ್ಲಿ ಬಿದ್ದಿದ್ದ ಮಕ್ಕಳನ್ನು ಸಾಕಲು ವೆಸ್ಲಿಯನ್ ಮಿಷನ್ನಿನವರು ತುಮಕೂರಿನಲ್ಲಿಯೂ ಹಾಸನದಲ್ಲಿಯೂ ಅನಾಥಾಲಯಗಳನ್ನು ನಡೆಸಿದರು. ಆ ಮಕ್ಕಳು ಕ್ರೈಸ್ತರಾಗಿ ಬೆಳೆದರು. ಅಳಿಯಂದಿರು ಹೇಳುವ 'ಗಂಜಿಗಾಗಿ ಸೇರಿದವರು' ಎಂಬ ಮಾತು ಇಂಥ ಪ್ರಸಂಗಗಳಿಂದ ಹುಟ್ಟಿದ್ದು. ಅದರಲ್ಲಿ ತಳ್ಳಿಹಾಕಲಾಗದ ಒಂದು ಪ್ರಶ್ನೆಯಿದೆ: ಐದು ವರ್ಷದ ಅನಾಥ ಮಗುವಿಗೆ ಯಾವ ಆಯ್ಕೆ ಇತ್ತು? ಆದರೆ ಆ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ನಿಂತಿರುತ್ತದೆ. ಆ ಮಗು ದಾರಿಯಲ್ಲಿ ಬಿದ್ದಿದ್ದಾಗ ಅದನ್ನು ಎತ್ತಿಕೊಳ್ಳಲು ಬೇರೆ ಯಾರ ಕೈ ಮುಂದೆ ಬಂದಿತ್ತು? ಅದು ಯಾವ ಜಾತಿಯ ಮಗುವೋ ಎಂಬ ಸಂಶಯವೇ ಎಷ್ಟು ಕೈಗಳನ್ನು ಹಿಂದಕ್ಕೆಳೆದಿರಬಹುದು? ಮೊದಲ ಪ್ರಶ್ನೆಯನ್ನು ಕೇಳುವವರು ಎರಡನೆಯದನ್ನೂ ಕೇಳಿಕೊಳ್ಳಬೇಕೆಂದು ನನ್ನ ಅಭಿಪ್ರಾಯ.

ಇನ್ನು ಮೊಮ್ಮಗಳು ಹೇಳಿದ ನಿಘಂಟಿನ ಮಾತು. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಯವರ ಶ್ರಮದಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ದೊರೆಯಿತು. ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1832ರದು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಆರಂಭಿಸಿದರು; ಕನ್ನಡದ ಮೊದಲ ಪತ್ರಿಕೆ ಅದು. ಫರ್ಡಿನಂಡ್ ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಹೊರಬಂತು. ಮೈಸೂರಿನ ವೆಸ್ಲಿಯನ್ನರು 1887ರಲ್ಲಿ 'ವೃತ್ತಾಂತ ಪತ್ರಿಕೆ'ಯನ್ನು ಹೊರಡಿಸಿದರು. ಬೆಂಗಳೂರಿನ ಲಂಡನ್ ಮಿಷನ್ ಪಾದ್ರಿಯೊಬ್ಬರ ಮಗನಾಗಿ 1837ರಲ್ಲಿ ಅಲ್ಲಿಯೇ ಹುಟ್ಟಿದ ಬಿ. ಎಲ್. ರೈಸ್ ಅವರು ಸರ್ಕಾರದ ಅಧಿಕಾರಿಯಾಗಿ ಸಂಸ್ಥಾನದ ಶಾಸನಗಳನ್ನೆಲ್ಲ ಸಂಗ್ರಹಿಸಿದರು. ತುಮಕೂರು ಜಿಲ್ಲೆಯ ಶಾಸನಗಳ ಸಂಪುಟ 1904ರಲ್ಲಿ ಅಚ್ಚಾಯಿತು. ನಮ್ಮ ಮಧುಗಿರಿ, ಸಿರಾ, ಪಾವಗಡಗಳ ಹೊಲದ ಬದುಗಳಲ್ಲಿ, ಗುಡಿಯ ಹಿಂದೆ ಬಿದ್ದಿದ್ದ ಕಲ್ಲುಗಳು ಏನು ಹೇಳುತ್ತವೆಂಬುದನ್ನು ನಾವು ಓದಿ ತಿಳಿದದ್ದು ಆ ಸಂಪುಟದಿಂದ.

ಆದರೆ ಮೊಮ್ಮಗಳಿಗೂ ಒಂದು ಮಾತು ಹೇಳಬೇಕು. ನಿಘಂಟನ್ನು ಮುಂದಿಟ್ಟು ಮಿಷನರಿಗಳನ್ನು ಸಮರ್ಥಿಸುವುದು ಸುಲಭ, ಆದರೆ ಅದು ಅವರ ಲೆಕ್ಕದಲ್ಲಿ ಸಮರ್ಥನೆಯೇ ಅಲ್ಲ. ಅವರು ಬಂದದ್ದು ನಿಘಂಟು ಬರೆಯುವುದಕ್ಕಲ್ಲ, ಮನುಷ್ಯರ ಆತ್ಮವನ್ನು ಪಾಪದಿಂದಲೂ ಮರಣಭಯದಿಂದಲೂ ಬಿಡಿಸುವುದಕ್ಕೆ. ಆ ಸಂದೇಶವನ್ನು ಮುಟ್ಟಿಸಲು ಕನ್ನಡ ಕಲಿತರು. ಕಲಿಯುತ್ತ ಕಲಿಯುತ್ತ ಕನ್ನಡವೇ ಅವರನ್ನು ಒಲಿಸಿಕೊಂಡಿತು. ನಾವು ಅವರಿಂದ ಅಚ್ಚಿನ ಮೊಳೆಯನ್ನೂ ಶಾಲೆಯನ್ನೂ ನಿಘಂಟನ್ನೂ ತೆಗೆದುಕೊಂಡೆವು, ಸಂದೇಶವನ್ನು ಮಾತ್ರ ಹೆಚ್ಚಿನವರು ತೆಗೆದುಕೊಳ್ಳಲಿಲ್ಲ. ಹಾಗಾದರೆ ತೆಗೆದುಕೊಂಡವರು ಯಾರು, ಅವರಿಗೆ ಏನು ಸಿಕ್ಕಿತು, ಏನು ಹೋಯಿತು? ಈ ಪ್ರಶ್ನೆಯನ್ನು ದೀಪಾವಳಿಯ ದಿನ ಜಗುಲಿಯ ಮೇಲೆ ಯಾರೂ ಕೇಳಲಿಲ್ಲ. ಪಾದ್ರಿಗಳನ್ನು ಹೊಗಳುವವರೂ ತೆಗಳುವವರೂ ಆ ಜನರನ್ನು ಮರೆತುಬಿಡುತ್ತಾರೆ.

ಮಂಗಳೂರಿನ ಆನಂದರಾವ್ ಕೌಂಡಿನ್ಯರನ್ನು ನೋಡಿ. ಸಾರಸ್ವತ ಬ್ರಾಹ್ಮಣ ಕುಲದ ತರುಣ, ಮೋಗ್ಲಿಂಗರ ಬಳಿ ಓದಿದವರು. 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಊರು ಕೋಲಾಹಲವೆದ್ದಿತು. ಹೊಟ್ಟೆಗಿಲ್ಲದೆ ಹೋದವರಲ್ಲ ಅವರು; ಹೋದದ್ದರಿಂದ ಮನೆ, ಬಂಧುಬಳಗ ಎಲ್ಲವನ್ನೂ ಕಳೆದುಕೊಂಡವರು. ಅವರ ಪತ್ನಿ ತಮ್ಮ ಜನರೊಂದಿಗೇ ಉಳಿದರು, ಮತ್ತೆ ಸಂಸಾರಕ್ಕೆ ಬರಲಿಲ್ಲ. ಕೌಂಡಿನ್ಯರು ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಗಿ ಓದಿ ಪಾದ್ರಿಯಾಗಿ ಮರಳಿದರು. ಅವರ ಬಿಡುಗಡೆಯ ಕಥೆಯಲ್ಲಿ, ತನ್ನದಲ್ಲದ ನಿರ್ಧಾರಕ್ಕೆ ಬೆಲೆ ತೆತ್ತ ಆ ಹೆಣ್ಣುಮಗಳೂ ಇದ್ದಾಳೆಂಬುದನ್ನು ನಾನು ಮರೆಯಲಾರೆ. ಆಕೆಯೂ ತನ್ನ ನಂಬಿಕೆಯನ್ನೇ ಹಿಡಿದು ನಿಂತಳು. ಇಬ್ಬರಲ್ಲಿ ಯಾರನ್ನು ಅಲ್ಲಗಳೆಯೋಣ?

ಇನ್ನೊಬ್ಬರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಹಡಗಲಿ ಮೊದಲಾದ ಕಡೆಗಳಲ್ಲಿ ಸೇವೆ ಮಾಡಿದವರು. ಹಳ್ಳಿಯಿಂದ ಹಳ್ಳಿಗೆ ಅಲೆದು, ಜನರ ಬಾಯಲ್ಲಿಯೂ ಓಲೆಗಳಲ್ಲಿಯೂ ಚದುರಿದ್ದ ಸರ್ವಜ್ಞನ ವಚನಗಳನ್ನು ಕೂಡಿಸಿ, ಸುಮಾರು ಎರಡು ಸಾವಿರ ವಚನಗಳ ಸಂಕಲನವನ್ನು 1924ರಲ್ಲಿ ಪ್ರಕಟಿಸಿದರು. ನಾನು ನಿಮಗೆಲ್ಲ ತರಗತಿಯಲ್ಲಿ ಬಾಯಿಪಾಠ ಮಾಡಿಸಿದ ಸರ್ವಜ್ಞ ನಮ್ಮ ಕೈಗೆ ಬಂದದ್ದು ಬಹುಮಟ್ಟಿಗೆ ಒಬ್ಬ ಕ್ರೈಸ್ತ ಪಾದ್ರಿಯ ಕಾಲಿನ ಸವೆತದಿಂದ. 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ' ಎಂಬುದು ಅವರ ಒಂದು ಪುಸ್ತಕದ ಹೆಸರು. ಆ ಶೀರ್ಷಿಕೆಯಲ್ಲಿರುವುದು 'ವಿನಂತಿ' ಎಂಬುದನ್ನು ಗಮನಿಸಿ, ಆಜ್ಞೆಯಲ್ಲ, ಖಂಡನೆಯಲ್ಲ. ಕ್ರಿಸ್ತನನ್ನು ನಂಬುತ್ತಲೇ ಅವರು ಬಸವಾದಿ ಶರಣರ ಅನುಭವಮಂಟಪವನ್ನು ಗೌರವಿಸಿ ಬರೆದರು. 1949ರಲ್ಲಿ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ನಾಡು ಅವರನ್ನೇ ಅಧ್ಯಕ್ಷರನ್ನಾಗಿ ಕರೆಯಿತು. 1962ರಲ್ಲಿ ತೀರಿಕೊಳ್ಳುವವರೆಗೂ ಅವರು ಪಾದ್ರಿಯೂ ಆಗಿದ್ದರು, ಕನ್ನಡಿಗರೂ ಆಗಿದ್ದರು. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಾಗಲಿಲ್ಲ.

ಆದರೆ ಪುಸ್ತಕಗಳಲ್ಲಿ ಹೆಸರು ಉಳಿಯುವುದು ಇಂಥ ವಿದ್ಯಾವಂತರದು. ಹೆಸರುಳಿಯದ ಒಬ್ಬರ ವಿಷಯವನ್ನು ಈಗ ಹೇಳುತ್ತೇನೆ.

ನಾನು 1966ರಲ್ಲಿ ಉಪಾಧ್ಯಾಯನಾದೆ. 1969ರಲ್ಲಿ ಊರಿನಿಂದ ದೂರದ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ಆ ಹಳ್ಳಿಯ ಹೆಸರು, ಆ ಮನೆಯವರ ಹೆಸರು ಇಲ್ಲಿ ಬೇಡ. ಜೂನ್ ತಿಂಗಳಲ್ಲಿ ಒಬ್ಬ ತಂದೆ ತನ್ನ ಮಗನನ್ನು ಐದನೆಯ ತರಗತಿಗೆ ಸೇರಿಸಲು ಕರೆತಂದ. ಕೇರಿಯವನು, ದೊಡ್ಡ ಮನೆಯೊಂದರಲ್ಲಿ ಜೀತಕ್ಕಿದ್ದವನು. ಅವನ ಅಪ್ಪ ಯಾವುದೋ ಮದುವೆಗೆಂದು ಮಾಡಿದ್ದ ಸಾಲ ಅವನ ತಲೆಯ ಮೇಲೆ ಬಂದು ಕುಳಿತಿತ್ತು. ಹಿಂದಿನ ವರ್ಷ ಕಾಯಿಲೆ ಬಿದ್ದು ದೂರದ ಒಂದು ಮಿಷನ್ ಆಸ್ಪತ್ರೆಯಲ್ಲಿ ಎರಡು ತಿಂಗಳಿದ್ದು ಬಂದಿದ್ದ. ಅಲ್ಲಿಂದ ಬಂದವನು ಕ್ರೈಸ್ತನಾಗಿದ್ದಾನೆಂದು ಊರಲ್ಲಿ ಗುಸುಗುಸು ಇತ್ತು.

ನಾನು ದಾಖಲಾತಿ ಪುಸ್ತಕ ತೆರೆದು ಹೆಸರು, ಹುಟ್ಟಿದ ತಾರೀಕು ಬರೆದೆ. ಧರ್ಮದ ಕಾಲಮ್ಮಿಗೆ ಬಂದಾಗ ಅವನು ತಾನಾಗಿಯೇ, "ಕ್ರಿಸ್ತರವರು ಅಂತ ಬರೀರಿ ಸೋಮಿ" ಎಂದ.

ನಾನು ಅವನಿಗೆ ತಿಳಿಯ ಹೇಳಿದೆ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸವಲತ್ತುಗಳು ಹಿಂದೂಗಳಿಗೆ ಮಾತ್ರ. 1956ರಲ್ಲಿ ಸಿಖ್ಖರನ್ನು ಸೇರಿಸಿದ್ದರು, ಕ್ರೈಸ್ತರನ್ನಲ್ಲ. (ಬೌದ್ಧರು ಸೇರಿದ್ದು ಆಮೇಲೆ, 1990ರಲ್ಲಿ.) "ನೀನು ಹೇಳಿದಂತೆ ಬರೆದರೆ ಹುಡುಗನಿಗೆ ಸ್ಕಾಲರ್‌ಷಿಪ್ ಬರುವುದಿಲ್ಲ, ಮುಂದೆ ಹಾಸ್ಟೆಲ್ಲೂ ಸಿಗುವುದಿಲ್ಲ. ನಿನ್ನ ನಂಬಿಕೆ ನಿನ್ನ ಮನಸ್ಸಿನಲ್ಲಿರಲಿ, ಪುಸ್ತಕದಲ್ಲಿ ಯಾಕೆ?" ಎಂದೆ.

ಅವನು ಸ್ವಲ್ಪ ಹೊತ್ತು ನೆಲ ನೋಡುತ್ತ ನಿಂತಿದ್ದು, "ನಂಗೆ ಬುಡುಗಡೆ ಆಗೈತೆ ಸೋಮಿ. ಸುಳ್ಳು ಬರಿಸ್ಬಾರ್ದು" ಎಂದ.

ನನಗೆ ಅರ್ಥವಾಗಲಿಲ್ಲ. "ಸಾಲ ತೀರಿತೆ?" ಎಂದು ಕೇಳಿದೆ.

ಅವನು ನಕ್ಕ. ಆ ನಗು ನನಗೆ ಇನ್ನೂ ನೆನಪಿದೆ. "ಸಾಲ ಅಂಗೇ ಐತೆ. ಭಯ ಓಯ್ತು" ಎಂದ.

ಈಗ ನಾನು ಮಾಡಿದ ಕೆಲಸ. ನಾನು 'ಹಿಂದೂ' ಎಂದು ಬರೆದೆ, ಜಾತಿಯ ಮುಂದೆ ಹಿಂದಿನ ಶಾಲೆಯ ಪತ್ರದಲ್ಲಿದ್ದುದನ್ನೇ ಬರೆದೆ. ಅವನಿಗೆ ಓದು ಬರುತ್ತಿರಲಿಲ್ಲ. "ಬರದ್ರಾ ಸೋಮಿ?" ಎಂದು ಕೇಳಿದ. "ಬರೆದೆ" ಎಂದೆ. ಇಂಕ್ ಪ್ಯಾಡ್ ಮುಂದಿಟ್ಟೆ. ಅವನು ಹೆಬ್ಬೆಟ್ಟನ್ನು ಒತ್ತಿ, ಕೈ ಮುಗಿದು, ಮಗನ ತಲೆ ಸವರಿ ಹೊರಟುಹೋದ.

ಆ ದಿನ ನಾನು ಪುಣ್ಯದ ಕೆಲಸ ಮಾಡಿದೆನೆಂದೇ ಭಾವಿಸಿದ್ದೆ. ಹುಡುಗನಿಗೆ ಸ್ಕಾಲರ್‌ಷಿಪ್ ಬಂತು, ಚೆನ್ನಾಗಿ ಓದಿದ, ಹೈಸ್ಕೂಲಿಗೆ ಹೋದ. ನನಗೆ ವರ್ಗವಾಯಿತು. 1976ರಲ್ಲಿ ಜೀತಪದ್ಧತಿ ರದ್ದತಿಯ ಕಾಯಿದೆ ಬಂದಾಗ ನನಗೆ ಆ ತಂದೆಯ ನೆನಪಾಯಿತು. ಈಗ ಅವನಿಗೆ ನಿಜವಾದ ಬಿಡುಗಡೆಯಾಗಿರಬೇಕೆಂದುಕೊಂಡೆ. 'ನಿಜವಾದ' ಎಂಬ ಮಾತನ್ನು ಸೇರಿಸಿಕೊಂಡದ್ದು ನಾನು.

ಇಪ್ಪತ್ತೈದು ವರ್ಷಗಳ ಮೇಲೆ, 1994ರಲ್ಲಿ, ಆ ಹುಡುಗ ನನ್ನನ್ನು ಹುಡುಕಿಕೊಂಡು ಬಂದ. ತಲೆಗೂದಲು ಆಗಲೇ ನರೆಯತೊಡಗಿತ್ತು. ದೂರದ ಊರಿನಲ್ಲಿ ಸ್ವಂತ ವರ್ಕ್‌ಶಾಪ್ ಇಟ್ಟುಕೊಂಡಿದ್ದ. ತಂದೆ ತೀರಿಕೊಂಡರೆಂದು ಹೇಳಿದ. ಮಾತಿನ ನಡುವೆ, "ಸಾರ್, ನೀವು ರಿಜಿಸ್ಟರಿನಲ್ಲಿ ಬರೆದದ್ದು ನನಗೆ ಎಸ್.ಎಸ್.ಎಲ್.ಸಿ. ಅರ್ಜಿ ತುಂಬುವಾಗ ಗೊತ್ತಾಯಿತು" ಎಂದ. ನಾನು ತಲೆ ತಗ್ಗಿಸಿದೆ. ಅವನೇ ಮುಂದುವರಿಸಿದ: "ಬೈಯಲು ಬಂದದ್ದಲ್ಲ ಸಾರ್. ನೀವು ಹಾಗೆ ಬರೆಯದಿದ್ದರೆ ನಾನೂ ಜೀತಕ್ಕೇ ಹೋಗುತ್ತಿದ್ದೆ. ಅಪ್ಪನಿಗೆ ಮಾತ್ರ ಕೊನೆಯವರೆಗೂ ಹೇಳಲಿಲ್ಲ. ಮೇಷ್ಟ್ರು ನನ್ನ ಮಾತು ನಡೆಸಿಕೊಟ್ಟರು ಅಂತ ಎಲ್ಲರ ಹತ್ತಿರ ಹೇಳುತ್ತಿದ್ದ." ಸ್ವಲ್ಪ ಸುಮ್ಮನಿದ್ದು ಇನ್ನೊಂದು ಮಾತು ಹೇಳಿದ: "ಆ ಕಾಗದದಿಂದಾಗಿ ನಾನು ಚರ್ಚಿಗೆ ಹೋಗಲು ಹೆದರುತ್ತ ಬೆಳೆದೆ ಸಾರ್. ಅಪ್ಪ ಯಾವುದಕ್ಕೂ ಹೆದರುತ್ತಿರಲಿಲ್ಲ."

ಅವನಿಗೆ ನಾನು ಕೊಟ್ಟದ್ದು ಒಂದು ಬಿಡುಗಡೆ. ಅದಕ್ಕಾಗಿ ಅವನ ಅಪ್ಪನಿಂದ ಅವನಿಗೆ ಬರಬೇಕಾಗಿದ್ದ ಇನ್ನೊಂದನ್ನು ಕಿತ್ತುಕೊಂಡೆ. ಎರಡರಲ್ಲಿ ಯಾವುದು ದೊಡ್ಡದೆಂದು ನಿರ್ಣಯಿಸುವ ಅಧಿಕಾರವನ್ನು ನನಗೆ ಯಾರು ಕೊಟ್ಟಿದ್ದರು? ಸಂತೆಯಲ್ಲಿ ನಿಂತು 'ನಿಮಗೆ ಒಳ್ಳೆಯದು ಯಾವುದೆಂದು ನಮಗೆ ಗೊತ್ತು' ಎನ್ನುತ್ತಿದ್ದ ಹಳೆಯ ಪಾದ್ರಿಯ ಗರ್ವಕ್ಕೂ ನನ್ನ ಗರ್ವಕ್ಕೂ ವ್ಯತ್ಯಾಸ ಎಷ್ಟು? ಪಾದ್ರಿಯಾದರೆ ಎದುರಿಗೆ ನಿಂತು ಹೇಳುತ್ತಿದ್ದ. ಒಪ್ಪುವುದೂ ಬಿಡುವುದೂ ಕೇಳುವವನಿಗೆ ಸೇರಿತ್ತು. ನಾನು ಓದು ಬಾರದವನ ಹೆಬ್ಬೆಟ್ಟನ್ನು ಸುಳ್ಳಿನ ಮೇಲೆ ಒತ್ತಿಸಿಕೊಂಡೆ.

ನಮ್ಮ ಸಂವಿಧಾನದ 25ನೆಯ ವಿಧಿ ಎಲ್ಲರಿಗೂ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನೂ, ತಮ್ಮ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನೂ ಕೊಟ್ಟಿದೆ. 'ಪ್ರಚಾರ' ಎಂಬ ಮಾತು ಇರಬೇಕೆ ಬೇಡವೆ ಎಂದು 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ದೀರ್ಘ ಚರ್ಚೆ ನಡೆದು ಅದನ್ನು ಉಳಿಸಿಕೊಂಡರು. 1977ರಲ್ಲಿ ಸ್ಟ್ಯಾನಿಸ್ಲಾಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಪ್ರಚಾರದ ಹಕ್ಕು ಎಂದರೆ ತನ್ನ ಧರ್ಮದ ತತ್ತ್ವಗಳನ್ನು ತಿಳಿಸಿ ಹೇಳುವ ಹಕ್ಕು, ಇನ್ನೊಬ್ಬನನ್ನು ಮತಾಂತರಗೊಳಿಸುವ ಹಕ್ಕಲ್ಲ ಎಂದಿತು. ಈ ತೀರ್ಪನ್ನು ಒಪ್ಪುವವರೂ ಟೀಕಿಸುವವರೂ ಇದ್ದಾರೆ. ನಾನು ಕಾನೂನು ಬಲ್ಲವನಲ್ಲ. ನನ್ನ ಮನಸ್ಸು ಹೋಗುವುದು ಆ ವಿಧಿಯ ಮೊದಲ ಮಾತಿನ ಕಡೆಗೆ. ಅಂತಃಸಾಕ್ಷಿ 'ಎಲ್ಲರಿಗೂ' ಇದೆ ಎಂದು ಅದು ಹೇಳುತ್ತದೆ. ಜೀತದವನಿಗೂ ಇದೆ. ನಾವು ಮತಾಂತರದ ಚರ್ಚೆ ಮಾಡುವಾಗ ಸಾಮಾನ್ಯವಾಗಿ ಬಡವನಿಗೆ ಹೊಟ್ಟೆ ಮಾತ್ರ ಇದೆ ಎಂದು ಭಾವಿಸುತ್ತೇವೆ. ಅವನು ಹೋದರೆ ಗಂಜಿಗೆ ಹೋದ ಎನ್ನುತ್ತೇವೆ, ಉಳಿದರೆ ಅಜ್ಞಾನದಿಂದ ಉಳಿದ ಎನ್ನುತ್ತೇವೆ. 1969ರಲ್ಲಿ ನನ್ನೆದುರು ನಿಂತ ಮನುಷ್ಯನು ಸವಲತ್ತು ಕಳೆದುಕೊಳ್ಳುವೆನೆಂದು ತಿಳಿದೂ ತನ್ನ ನಂಬಿಕೆಯನ್ನು ಬರೆಸಲು ಬಂದಿದ್ದ. ಗಂಜಿಯ ಕಡೆಯಲ್ಲಿ ಆ ದಿನ ನಿಂತಿದ್ದವನು ನಾನು.

ಆಸ್ಪತ್ರೆಯಲ್ಲಿ ಅವನಿಗೆ ಯಾರು ಏನು ಹೇಳಿದರೋ ನಾನು ಕೇಳಲಿಲ್ಲ. ದೇವರು ತನ್ನನ್ನು ಮುಟ್ಟಬಲ್ಲನೆಂದು ಯಾರೋ ಹೇಳಿರಬೇಕು. ಹೇಳಿದವರು ಅವನನ್ನು ಮುಟ್ಟಿ, ಅವನ ಹುಣ್ಣು ತೊಳೆದೂ ಇರಬೇಕು. ನಮ್ಮ ಊರುಗಳಲ್ಲಿ ಅವನನ್ನು ಯಾರೂ ಮುಟ್ಟುತ್ತಿರಲಿಲ್ಲ. ನಾನೂ ಆ ದಿನ ಇಂಕ್ ಪ್ಯಾಡನ್ನು ಮೇಜಿನ ಮೇಲಿಟ್ಟು ಅವನ ಕಡೆಗೆ ತಳ್ಳಿದೆನೇ ಹೊರತು ಕೈಗೆ ಕೊಡಲಿಲ್ಲ. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೂ ಬರೆಯುತ್ತೇನೆ.

ಅಳಿಯಂದಿರೇ, ನಾನು ಕ್ರೈಸ್ತನಲ್ಲ, ಆಗುವವನೂ ಅಲ್ಲ. ದಿನವೂ ಸಂಜೆ ಹಚ್ಚುವ ದೀಪವನ್ನು ಈಗಲೂ ಹಚ್ಚುತ್ತೇನೆ. ಪಾದ್ರಿಗಳು ತಪ್ಪು ಮಾಡಲಿಲ್ಲವೆಂದು ನಾನು ಹೇಳುತ್ತಿಲ್ಲ. ಮೊಮ್ಮಗಳೇ, ನಿಘಂಟು ದೊಡ್ಡದು ನಿಜ. ಆದರೆ ಅದನ್ನು ಮುಂದಿಟ್ಟು ನಂಬಿದವರ ನಂಬಿಕೆಯನ್ನು ಮರೆಮಾಡಬೇಡ. ನನ್ನ ತೀರ್ಪು ಕೇಳಿದಿರಿ. ತೀರ್ಪು ಕೊಡುವ ಪೀಠದಲ್ಲಿ ಒಮ್ಮೆ ಕುಳಿತು ತಪ್ಪು ಬರೆದವನು ನಾನು, ಆದ್ದರಿಂದ ಇಷ್ಟು ಮಾತ್ರ ಹೇಳುತ್ತೇನೆ: ಯಾರಾದರೂ ತನಗೆ ಬಿಡುಗಡೆಯಾಯಿತೆಂದು ಹೇಳಿದರೆ, ಅದು ಯಾವ ದೇವರ ಹೆಸರಿನಲ್ಲೇ ಆಗಲಿ, ಮೊದಲು ಕುಳಿತು ಕೇಳಿ. ಏನಿಂದ ಬಿಡುಗಡೆಯಾಯಿತೆಂದು ಕೇಳಿ. ಆ ಉತ್ತರದಲ್ಲಿ ನಮ್ಮ ಊರಿನ ಹೆಸರೂ ಇರಬಹುದು.

ಆ ದಾಖಲಾತಿ ಪುಸ್ತಕ ಯಾವುದೋ ಬೀರುವಿನಲ್ಲಿ ಇನ್ನೂ ಇದ್ದೀತು. ಆ ಹೆಬ್ಬೆಟ್ಟಿನ ಗುರುತು ಅದರಲ್ಲಿದೆ. ಅದರ ಮೇಲಿನ ಅಕ್ಷರ ನನ್ನದು. ನನ್ನ ಕೈಬರಹ ದುಂಡಗಿದೆಯೆಂದು ನೀವೆಲ್ಲ ಹೊಗಳುತ್ತಿದ್ದಿರಿ.